ಮಳೆಗಾಲದ ಸವಾರನ ಪಾದರಕ್ಷೆ

ಮೋಟಾರ್ ಸೈಕಲ್ಲಿನ ಮೇಲೆ ದೇಶಸಂಚಾರ ಮಾಡುವ ಹವ್ಯಾಸವು ಈಚೆಗೆ ನಮ್ಮ ಪಟ್ಟಣಗಳ ವಿದ್ಯಾವಂತರಲ್ಲಿ ಬಹಳವಾಗಿ ಹಬ್ಬಿದೆ. ಶನಿವಾರ ಬೆಳಗಿನ ಜಾವಕ್ಕೆ ಬೆಂಗಳೂರನ್ನೋ ಮೈಸೂರನ್ನೋ ಬಿಟ್ಟು, ಕೊಡಗಿಗೋ ಆಗುಂಬೆಗೋ ಹೋಗಿ, ಭಾನುವಾರ ರಾತ್ರಿಯ ಊಟದ ಹೊತ್ತಿಗೆ ಮನೆ ಸೇರುವವರನ್ನು ನಾವೆಲ್ಲರೂ ಬಲ್ಲೆವು. ನಮ್ಮಲ್ಲಿ ಕೆಲವರು ಆ ಗುಂಪಿಗೇ ಸೇರಿದವರು. ಇಂಥ ಸಂಚಾರಕ್ಕೆ ಮಳೆಗಾಲದಷ್ಟು ಸೊಗಸಾದ ಕಾಲವಿಲ್ಲ. ಅದರಷ್ಟು ಪೀಡಿಸುವ ಕಾಲವೂ ಇಲ್ಲ. ಆ ಪೀಡೆಯ ಒಂದು ಸಣ್ಣ ಭಾಗವನ್ನು, ಎಂದರೆ ಸವಾರನ ಕಾಲಿಗೆ ಎಂಥ ಬೂಟ್ಸು ತಕ್ಕುದು ಎಂಬುದನ್ನು, ಈ ಹೊತ್ತು ವಿಚಾರ ಮಾಡೋಣ.

ಸವಾರನ ತಲೆಯ ವಿಚಾರದಲ್ಲಿ ಲೋಕವು ಎಂದೋ ಎಚ್ಚೆತ್ತಿತು. ‘ಅರೇಬಿಯದ ಲಾರೆನ್ಸ್’ ಎಂದು ಹೆಸರಾಗಿದ್ದ ಟಿ. ಇ. ಲಾರೆನ್ಸನು 1935ರ ಮೇ ತಿಂಗಳಲ್ಲಿ ಮೋಟಾರ್ ಸೈಕಲ್ಲಿನಿಂದ ಬಿದ್ದು, ತಲೆಗೆ ಪೆಟ್ಟಾಗಿ, ಕೆಲವು ದಿನಗಳ ಮೇಲೆ ತೀರಿಕೊಂಡನು. ಅವನನ್ನು ನೋಡಿದ ವೈದ್ಯರಲ್ಲಿ ಒಬ್ಬನಾದ ಹ್ಯೂ ಕೆಯರ್ನ್ಸ್ ಎಂಬ ಶಸ್ತ್ರವೈದ್ಯನು ಆಮೇಲೆ ಸವಾರರ ತಲೆಯ ಗಾಯಗಳನ್ನು ಪರಿಶೀಲಿಸಿ, ಶಿರಸ್ತ್ರಾಣದ ಪ್ರಯೋಜನವನ್ನು ಕುರಿತು 1941ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ನಮ್ಮ ದೇಶದ 1988ರ ಮೋಟಾರು ವಾಹನಗಳ ಕಾಯಿದೆಯೂ 129ನೆಯ ಪ್ರಕರಣದಲ್ಲಿ ತಲೆಯ ರಕ್ಷಣೆಯನ್ನು ಕಡ್ಡಾಯ ಮಾಡಿದೆ. ಪಾದಕ್ಕೆ ಮಾತ್ರ ಇಂಥ ವಕೀಲರು ಯಾರೂ ಸಿಕ್ಕಲಿಲ್ಲ. ತಲೆಗೆ ಬೆಲೆಬಾಳುವ ಹೆಲ್ಮೆಟ್ಟು, ಕಾಲಿಗೆ ಹವಾಯಿ ಚಪ್ಪಲಿ: ಈ ವೇಷವನ್ನು ನಮ್ಮ ರಸ್ತೆಗಳಲ್ಲಿ ದಿನವೂ ಕಾಣಬಹುದು.

ಸವಾರಿಯಲ್ಲಿ ಕಾಲಿಗೆ ಏನು ಕೆಲಸ ಎಂದು ಕೇಳುವವರುಂಟು. ಈಗಿನ ಗಾಡಿಗಳಲ್ಲಿ ಎಡಗಾಲು ಗೇರು ಹಾಕುತ್ತದೆ, ಬಲಗಾಲು ಹಿಂದಿನ ಚಕ್ರದ ಬ್ರೇಕನ್ನು ಒತ್ತುತ್ತದೆ. ಗಾಡಿ ನಿಂತಾಗ ಅದರ ಭಾರವನ್ನೆಲ್ಲ ಹೊತ್ತು ನಿಲ್ಲುವುದೂ ಕಾಲೇ. ಈಗಿನ 350 ಸಿಸಿ ಬುಲೆಟ್ಟಿನ ತೂಕ ಸುಮಾರು 195 ಕಿಲೋಗ್ರಾಂ. ಮೈಸೂರಿನ ಹಿರಿಯ ಸವಾರರಿಗೆ ಇನ್ನೊಂದು ನೆನಪಿರಬೇಕು. 1961ರಿಂದ 1996ರವರೆಗೆ ನಮ್ಮ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಗಾಡಿಗಳಲ್ಲಿ ಗೇರಿನ ಸನ್ನೆಯನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತಿತ್ತು. ಗಾಡಿಯನ್ನು ಎಬ್ಬಿಸುವುದೂ ನಡೆಸುವುದೂ ಒಂದೇ ಸನ್ನೆಯಿಂದ! ಆ ಗಾಡಿಯುಳ್ಳವರ ಎಡಗಾಲಿನ ಬೂಟ್ಸು ಬಲಗಾಲಿನದಕ್ಕಿಂತ ಮೊದಲೇ ಸವೆದರೆ ಅದು ಆಶ್ಚರ್ಯದ ಮಾತಲ್ಲ.

ಹೀಗಿರುವಾಗ ನೆನೆದು ಮರಗಟ್ಟಿದ ಕಾಲು ಬರಿಯ ಅಸೌಖ್ಯದ ವಿಷಯವಲ್ಲ. ಬ್ರೇಕಿನ ಮೇಲೆ ಎಷ್ಟು ಒತ್ತಡ ಬಿದ್ದಿದೆ ಎಂಬುದನ್ನು ಸವಾರನು ಅಂಗಾಲಿನಿಂದ ತಿಳಿಯುತ್ತಾನೆ. ಎರಡು ಗಂಟೆಗಳ ಕಾಲ ತಣ್ಣೀರಿನಲ್ಲಿ ಅದ್ದಿದಂತಿದ್ದ ಪಾದಕ್ಕೆ ಆ ಸೂಕ್ಷ್ಮವು ಉಳಿದಿರುವುದಿಲ್ಲ. ಆಗುಂಬೆಯ ಘಟ್ಟದ ತಿರುವಿನಲ್ಲಿ, ಪಾಚಿ ಹಿಡಿದ ರಸ್ತೆಯಲ್ಲಿ, ಬೇಕಾದುದಕ್ಕಿಂತ ಒಂದು ಗುಲಗಂಜಿಯಷ್ಟು ಹೆಚ್ಚಾಗಿ ಒತ್ತಿದರೆ ಹಿಂದಿನ ಚಕ್ರ ಜಾರುತ್ತದೆ. ಆದಕಾರಣ ಒಣಗಿದ, ಬೆಚ್ಚಗಿನ ಕಾಲೆಂಬುದು ಸುರಕ್ಷತೆಯ ಒಂದು ಅಂಗವೆಂದೇ ನಾವು ಎಣಿಸಬೇಕು.

ನೀರನ್ನು ತಡೆಯುವ ಉಪಾಯಗಳಲ್ಲಿ ಅತಿ ಸುಲಭವಾದುದು ರಬ್ಬರು. ಗದ್ದೆಗೂ ತೋಟಕ್ಕೂ ಹಾಕಿಕೊಂಡು ಹೋಗುವ ಗಂಬೂಟಿನ ಗೋಡೆಯೊಳಕ್ಕೆ ಒಂದು ಹನಿಯೂ ಇಳಿಯದು. ಆದರೆ ಒಳಗಿನ ಬೆವರಿಗೂ ಹೊರಗೆ ದಾರಿಯಿಲ್ಲ. ಸಂಜೆಗೆ ಕಾಲುಚೀಲವನ್ನು ಹಿಂಡಬೇಕಾಗುತ್ತದೆ. ಅಲ್ಲದೆ ಗಂಬೂಟು ಬಿದ್ದಾಗ ಹರಡನ್ನು ಕಾಯಲಾರದು. ಎರಡನೆಯದು ಚರ್ಮ. ನಮ್ಮ ನಾಡಿನಲ್ಲಿ ತಂಗಡಿಯ ತೊಗಟೆಯಿಂದ ಚರ್ಮ ಹದಮಾಡುವ ಪದ್ಧತಿ ಹಳೆಯದು. ಈಗ ಬೂಟ್ಸಿನ ಮೇಲ್ಭಾಗಕ್ಕೆ ಬರುವುದು ಬಹುಮಟ್ಟಿಗೆ ಕ್ರೋಮ್ ಲವಣದಿಂದ ಹದಮಾಡಿದ ಚರ್ಮ. ರಸ್ತೆಯ ಮೇಲೆ ಉಜ್ಜಿಕೊಂಡು ಹೋಗುವ ಕಾಲಿಗೆ ಒಳ್ಳೆಯ ದಪ್ಪ ಚರ್ಮದಂಥ ರಕ್ಷಣೆ ಕಡಮೆ. ಆದರೂ ಮೇಣ ಬಳಿದ ಚರ್ಮವು ಬಯಲುಸೀಮೆಯ ಮಳೆಯನ್ನು ತಡೆದೀತೇ ಹೊರತು, ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಸುರಿಯುವ ಆಗುಂಬೆಯ ಮಳೆಯ ಮುಂದೆ ಅದರ ಹೊಲಿಗೆಗಳು ಸೋಲುತ್ತವೆ.

ಮೂರನೆಯ ಉಪಾಯವೇ ಈಗ ಎಲ್ಲ ಅಂಗಡಿಗಳಲ್ಲಿಯೂ ಹೊಗಳಿಸಿಕೊಳ್ಳುತ್ತಿರುವ ಪೊರೆ. ಇದರ ಕಥೆ ಸ್ವಾರಸ್ಯವಾಗಿದೆ. ಅಡಿಗೆಯ ಪಾತ್ರೆಗಳಿಗೆ ಬಳಿಯುವ ಟೆಫ್ಲಾನ್ ಎಂಬ ವಸ್ತುವನ್ನು ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞನು ಅಮೆರಿಕದಲ್ಲಿ 1938ರಲ್ಲಿ ಆಕಸ್ಮಿಕವಾಗಿ ಕಂಡನು. 1969ರಲ್ಲಿ ಬಾಬ್ ಗೋರ್ ಎಂಬಾತನು ಅದರ ಕಡ್ಡಿಗಳನ್ನು ಕಾಯಿಸಿ ಮೆಲ್ಲಮೆಲ್ಲನೆ ಎಳೆದು ನೋಡಿದಾಗ ಅವು ತುಂಡಾಗುತ್ತಿದ್ದವು. ಬೇಸತ್ತು ಒಮ್ಮೆಗೇ ಜಗ್ಗಿ ಎಳೆದಾಗ ಕಡ್ಡಿಯು ಮುರಿಯದೆ ಹಲವು ಪಟ್ಟು ಉದ್ದವಾಯಿತು. ಹಾಗೆ ಹಿಗ್ಗಿದ ವಸ್ತುವಿನಲ್ಲಿ ಲೆಕ್ಕವಿಲ್ಲದಷ್ಟು ರಂಧ್ರಗಳು. ತಯಾರಕರು ಹೇಳುವಂತೆ ಒಂದು ಚದರ ಅಂಗುಲಕ್ಕೆ ಸುಮಾರು 900 ಕೋಟಿ. ನೀರಿನ ಹನಿಗೆ ಆ ರಂಧ್ರ ತೀರ ಕಿರಿದು, ಬೆವರಿನ ಆವಿಗೆ ಸಾಕಷ್ಟು ಅಗಲ. ಗೋರ್‌ಟೆಕ್ಸ್ ಎಂಬ ಹೆಸರಿನಲ್ಲಿ ಮೊದಲು ಮಾರಾಟಕ್ಕೆ ಬಂದುದು ಈ ವಸ್ತುವೇ.

ಇಲ್ಲಿ ಕೊಳ್ಳುವವರು ಒಂದು ಸಂಗತಿಯನ್ನು ಗಮನಿಸಬೇಕು. ಈ ಪೊರೆ ಬೂಟ್ಸಿನ ಹೊರಮೈಯಲ್ಲಿರುವುದಿಲ್ಲ. ಚರ್ಮಕ್ಕೂ ಅಸ್ತರಿಗೂ ನಡುವೆ ಕಾಲುಚೀಲದಂತೆ ಅಡಗಿರುತ್ತದೆ. ಹೊರಗಿನ ಚರ್ಮ ನೀರು ಕುಡಿದರೆ ಪೊರೆಯ ಒಳಗಿನ ಪಾದ ಒದ್ದೆಯಾಗದು, ಸರಿ. ಆದರೆ ಬೂಟ್ಸು ಭಾರವಾಗುತ್ತದೆ, ತಣ್ಣಗಾಗುತ್ತದೆ, ಆವಿಯು ಹೊರಡುವ ದಾರಿ ಕಟ್ಟಿಹೋಗುತ್ತದೆ. ಆವಿಯು ಹೊರಕ್ಕೆ ಹೋಗುವುದು ಒಳಗಡೆ ತೇವದ ಒತ್ತಡ ಹೆಚ್ಚಾಗಿಯೂ ಹೊರಗಡೆ ಕಡಮೆಯಾಗಿಯೂ ಇರುವಾಗ. ಜುಲೈ ತಿಂಗಳ ಮಲೆನಾಡಿನಲ್ಲಿ ಹೊರಗಿನ ಗಾಳಿಯೇ ತೇವದಿಂದ ತುಂಬಿ ತುಳುಕುತ್ತಿರುತ್ತದೆ. ಚಳಿದೇಶದ ಒಣಹವೆಯಲ್ಲಿ ಈ ಪೊರೆಯು ತೋರುವ ಮಹಿಮೆಯನ್ನು ಇಲ್ಲಿ ಪೂರ್ತಿಯಾಗಿ ನಿರೀಕ್ಷಿಸಲಾಗದು. ನೀರನ್ನು ತಡೆಯುವ ಅದರ ಗುಣಕ್ಕಾಗಿ ಕೊಳ್ಳಬಹುದು. ಕಾಲು ಬೆವರುವುದೇ ಇಲ್ಲವೆಂಬ ಅಂಗಡಿಯವನ ಮಾತನ್ನು ಅಂಗಡಿಯಲ್ಲಿಯೇ ಬಿಟ್ಟು ಬರುವುದು ಲೇಸು.

ಇಷ್ಟೆಲ್ಲ ವಿಜ್ಞಾನವೂ ಒಂದು ಅವಿವೇಕದಿಂದ ವ್ಯರ್ಥವಾಗಬಹುದು. ಬೂಟ್ಸಿನೊಳಕ್ಕೆ ನೀರು ಬರುವುದು ಬಹುಮಟ್ಟಿಗೆ ಗೋಡೆಯಿಂದಲ್ಲ, ಬಾಯಿಂದ. ನಿಂತಾಗ ಹಿಮ್ಮಡಿಯವರೆಗೆ ಇಳಿಬಿದ್ದ ಷರಾಯಿ, ಗಾಡಿಯ ಮೇಲೆ ಮಂಡಿ ಮಡಿಸಿ ಕುಳಿತಾಗ ಒಂದು ಗೇಣು ಮೇಲೇರುತ್ತದೆ. ಮಳೆಯಂಗಿಯಿಂದ ಇಳಿದ ನೀರು ಮೀನಖಂಡದ ಮೇಲೆ ಹರಿದು ನೇರವಾಗಿ ಬೂಟ್ಸಿನೊಳಕ್ಕೆ ಬೀಳುತ್ತದೆ. ನೀರು ಹೊರಗಿನಿಂದ ನುಗ್ಗದಂತೆ ಕಟ್ಟಿದ ಬೂಟ್ಸು ಒಳಗೆ ಬಿದ್ದ ನೀರನ್ನೂ ಅಷ್ಟೇ ನಿಷ್ಠೆಯಿಂದ ಕಾಪಾಡುತ್ತದೆ! ಆಗ ಅದಕ್ಕಿಂತ ಚಪ್ಪಲಿಯೇ ಮೇಲು. ಆದುದರಿಂದ ಬೂಟ್ಸು ಮೀನಖಂಡದ ನಡುವಿನವರೆಗಾದರೂ ಎತ್ತರವಾಗಿರಬೇಕು. ಮಳೆಷರಾಯಿಯು ಅದರ ಹೊರಗಡೆ ಇಳಿಯಬೇಕು, ಒಳಗೆ ಸೇರಿಸಬಾರದು. ಈ ಎರಡನ್ನೂ ಕುಳಿತುಕೊಂಡೇ ಪರೀಕ್ಷಿಸಬೇಕು. ಜಿಪ್ಪಿರುವ ಬೂಟ್ಸಾದರೆ ಅದರ ಹಿಂದೆ ನೀರು ನುಗ್ಗದ ಮಡಿಕೆಯೊಂದು ಹೊಲಿದಿರುತ್ತದೆ. ಆ ಮಡಿಕೆಯು ಎಲ್ಲಿಗೆ ಮುಗಿಯುವುದೋ ಅಲ್ಲಿಯವರೆಗೆ ಮಾತ್ರ ಬೂಟ್ಸು ನೀರಿಗೆ ಭದ್ರ. ಮಲೆನಾಡಿನ ಇಂಬಳಗಳಿಗೂ ಈ ಏರ್ಪಾಡು ಅಡ್ಡಿಯಾಗುವುದೆಂಬುದು ಒಂದು ಹೆಚ್ಚಿನ ಲಾಭ.

ಅಂಗಡಿಗೆ ಸಂಜೆಯ ಹೊತ್ತು ಹೋಗುವುದು ಮೇಲು, ಏಕೆಂದರೆ ದಿನವೆಲ್ಲ ದುಡಿದ ಪಾದ ಸ್ವಲ್ಪ ಊದಿರುತ್ತದೆ. ಪ್ರಯಾಣದಲ್ಲಿ ಹಾಕಿಕೊಳ್ಳುವ ಕಾಲುಚೀಲವನ್ನೇ ಹಾಕಿಕೊಂಡು ಬೂಟ್ಸನ್ನು ತೊಟ್ಟು, ಬೆರಳುಗಳು ಒಳಗೆ ಆಡುತ್ತವೆಯೇ, ನಡೆದರೆ ಹಿಮ್ಮಡಿ ಮೇಲೇಳುತ್ತದೆಯೇ ಎಂದು ನೋಡಬೇಕು. ಮುಂಗಾಲಿನ ದಪ್ಪವು ಗೇರಿನ ಸನ್ನೆಯ ಕೆಳಗೆ ಸಲೀಸಾಗಿ ತೂರುವಂತಿರಬೇಕು; ಸ್ವಲ್ಪ ಹೆಚ್ಚಾದರೆ ಮೆಕ್ಯಾನಿಕ್ಕನಿಂದ ಸನ್ನೆಯನ್ನು ಒಂದೆರಡು ಹಲ್ಲು ಮೇಲಕ್ಕೆ ಸರಿಸಿಕೊಳ್ಳಬಹುದು. ಬೂಟ್ಸಿನ ನಡುವನ್ನು ಎರಡು ಪಕ್ಕದಿಂದಲೂ ಬಲವಾಗಿ ಅದುಮಿದಾಗ ಅಟ್ಟೆಯು ಮಡಿಸಿಕೊಳ್ಳಬಾರದು. ಗಾಡಿಯು ಕಾಲಿನ ಮೇಲೆ ಮಗುಚಿದಾಗ ಪಾದದ 26 ಮೂಳೆಗಳನ್ನು ಕಾಯುವುದು ಈ ಗಡುಸುತನವೇ. ಉದ್ದನೆಯ ಲಾಡಿಗಳು ಬೇಡ. ಬಿಚ್ಚಿಕೊಂಡು ಕಿಕ್ಕರಿಗೋ ಫುಟ್‌ರೆಸ್ಟಿಗೋ ಸುತ್ತಿಕೊಂಡ ಲಾಡಿಯಿಂದ, ನಿಂತ ಗಾಡಿಯೊಡನೆಯೇ ಸವಾರನು ಉರುಳುವುದುಂಟು.

ಐರೋಪ್ಯರು ಸವಾರರ ಬೂಟ್ಸಿಗಾಗಿ ಇ.ಎನ್. 13634 ಎಂಬ ಪ್ರಮಾಣವನ್ನು ಗೊತ್ತುಮಾಡಿದ್ದಾರೆ. ಅದಕ್ಕೆ ಒಳಪಟ್ಟ ಬೂಟ್ಸಿನ ಚೀಟಿಯಲ್ಲಿ ಮೋಟಾರ್ ಸೈಕಲ್ ಸವಾರನ ಚಿತ್ರವೂ, 1 ಅಥವಾ 2 ಎಂಬ ಅಂಕಿಗಳೂ ಇರುತ್ತವೆ, 2 ಹೆಚ್ಚಿನದು. ಡಬ್ಲ್ಯು ಆರ್ ಎಂಬ ಅಕ್ಷರಗಳಿದ್ದರೆ ನೀರಿನ ಪರೀಕ್ಷೆಯಲ್ಲಿ ತೇರ್ಗಡೆಯಾದುದೆಂದು ಅರ್ಥ. ಅಕ್ಷರಗಳಿಲ್ಲದೆ ‘ವಾಟರ್‌ಪ್ರೂಫ್’ ಎಂದು ಬರಿದೆ ಮುದ್ರಿಸಿದ್ದರೆ ಅದನ್ನು ವ್ಯಾಪಾರಿಯ ಆಶ್ವಾಸನೆ ಎಂದಷ್ಟೇ ತಿಳಿಯಬೇಕು.

ಪಂದ್ಯಗಳ ಸವಾರರು ತೊಡುವ, ಮಂಡಿಯವರೆಗಿನ ಪ್ಲಾಸ್ಟಿಕ್ ಕವಚದ ಬೂಟ್ಸು ಇದಕ್ಕಿಂತ ಭದ್ರವಲ್ಲವೆ ಎಂದು ತರುಣರು ಕೇಳುತ್ತಾರೆ. ಭದ್ರವೇನೋ ಹೌದು. ಆದರೆ ನಮ್ಮ ಸಂಚಾರವೆಂದರೆ ಶೃಂಗೇರಿಯಲ್ಲಿ ದರ್ಶನ, ಕೊಪ್ಪದಲ್ಲಿ ಕಾಫಿ, ಎಲ್ಲಿಯೋ ಒಂದು ಜಲಪಾತಕ್ಕೆ ಅರ್ಧ ಮೈಲಿಯ ನಡಿಗೆ. ಗುಡಿಯ ಬಾಗಿಲಲ್ಲಿ ಬಿಚ್ಚುವುದಕ್ಕೂ ತೊಡುವುದಕ್ಕೂ ಕಾಲು ಗಂಟೆ ಹಿಡಿಯುವ ಬೂಟ್ಸನ್ನು ಸವಾರನು ಎರಡನೆಯ ಪ್ರಯಾಣಕ್ಕೆ ಮನೆಯಲ್ಲಿಯೇ ಬಿಟ್ಟು ಹೊರಡುತ್ತಾನೆ. ಮನೆಯಲ್ಲಿರುವ ಬೂಟ್ಸು ಎಷ್ಟು ಭದ್ರವಾಗಿದ್ದರೇನು?

ಇನ್ನು ಉಪಚಾರ. 1914–15ರ ಚಳಿಗಾಲದಲ್ಲಿ ಫ್ರಾನ್ಸಿನ ಕಂದಕಗಳಲ್ಲಿ ನೀರಿನಲ್ಲಿ ನಿಂತ ಸಾವಿರಾರು ಬ್ರಿಟಿಷ್ ಸಿಪಾಯಿಗಳ ಪಾದಗಳು ಕೆಟ್ಟವು. ಆಗ ಸೈನ್ಯವು ಕಂಡುಕೊಂಡ ಪರಿಹಾರಗಳಲ್ಲಿ ಮುಖ್ಯವಾದುದು ಒಣಗಿದ ಕಾಲುಚೀಲವನ್ನು ದಿನವೂ ಬದಲಿಸುವುದು. ನಮ್ಮ ಸವಾರನೂ ಎರಡು ಜೊತೆ ಉಣ್ಣೆಯ ಕಾಲುಚೀಲಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಟ್ಟುಕೊಂಡಿರಲಿ. ರಾತ್ರಿ ತಂಗಿದಲ್ಲಿ ಒದ್ದೆ ಬೂಟ್ಸನ್ನು ಬಚ್ಚಲೊಲೆಯ ಮುಂದೆ ಇಡುವ ಆಸೆ ಸಹಜವಾದುದು. ಅದರಿಂದ ಚರ್ಮ ಸೆಟೆದು ಬಿರಿಯುತ್ತದೆ, ಅಟ್ಟೆಯ ಅಂಟು ಬಿಡುತ್ತದೆ. ಒಳಗೆ ಹಳೆಯ ವೃತ್ತಪತ್ರಿಕೆಯನ್ನು ತುರುಕಿ, ಒಂದೆರಡು ಗಂಟೆಗೊಮ್ಮೆ ಬದಲಿಸಿದರೆ ಬೆಳಗಾಗುವುದರೊಳಗೆ ಬಹುಪಾಲು ತೇವ ಹೋಗಿರುತ್ತದೆ. ಮಳೆಗಾಲ ಮುಗಿದ ಮೇಲೆ ಬೂಟ್ಸನ್ನು ಪೆಟ್ಟಿಗೆಯಲ್ಲಿ ಹೂತಿಡಬಾರದು. ಪಾಲಿಯುರಿಥೇನ್ ಎಂಬ ಮೆತ್ತನೆಯ ವಸ್ತುವಿನ ಅಟ್ಟೆಯುಳ್ಳವು, ತೇವವಾದ ಹವೆಯಲ್ಲಿ ಕೆಲವು ವರ್ಷ ಬಳಸದೆ ಕುಳಿತರೆ, ಒಂದು ದಿನ ಹೊರಕ್ಕೆ ತೆಗೆದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಒಣಗಿದ ರೊಟ್ಟಿಯಂತೆ ಪುಡಿಯಾಗಿ ಉದುರುತ್ತವೆ. ಬೇಸಗೆಯಲ್ಲಿಯೂ ತಿಂಗಳಿಗೊಮ್ಮೆಯಾದರೂ ಅವನ್ನು ತೊಟ್ಟು ಗಾಡಿ ಹತ್ತುವುದು ಒಳ್ಳೆಯದು.