‘ನಿಮ್ಮ ಬಗ್ಗೆ ಹೇಳಿ’ ಎಂದಾಗ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳು)



ಹೋಂವರ್ಕ್ ಯಾಕೆ ಮಾಡಿಲ್ಲ ಎಂದು ಕೇಳಿದಾಗ ನಾವು ಬಾಯಿ ತೆರೆದರೆ ಸಾಕು, ‘ಕಥೆ ಹೇಳಬೇಡ, ಕೂತ್ಕೋ’ ಅನ್ನುತ್ತಿದ್ದ ಮೇಷ್ಟ್ರುಗಳು ಮುಂದಿನ ಸಾಲಿನಲ್ಲೇ ಇದ್ದಾರೆ. ಅವರೆದುರಿಗೇ ಇವತ್ತು ಕಥೆ ಹೇಳುವುದರ ಬಗ್ಗೆ ಮಾತಾಡಬೇಕಾಗಿದೆ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಷಲ್ ಗ್ಯಾಂಜ್ ಎಂಬ ಮೇಷ್ಟ್ರು ಕಥೆ ಹೇಳುವುದನ್ನೇ ಒಂದು ಪಾಠವಾಗಿ ಕಲಿಸುತ್ತ ಬಂದಿದ್ದಾರೆ. ಅವರ ಸ್ವಂತ ಕಥೆಯೇ ಕೇಳುವಂಥದ್ದು. ಪದವಿಗೆ ಇನ್ನೊಂದು ವರ್ಷ ಇರುವಾಗ, 1964ರಲ್ಲಿ, ಕಾಲೇಜು ಬಿಟ್ಟು ಮಿಸಿಸಿಪ್ಪಿಗೆ ಹೋದರು. ಅಲ್ಲಿ ಕಪ್ಪು ಜನರನ್ನು ಮತದಾರರ ಪಟ್ಟಿಗೆ ಸೇರಲು ಬಿಡುತ್ತಿರಲಿಲ್ಲ. ಅದರ ವಿರುದ್ಧದ ಚಳವಳಿಗೆ ಸೇರಿದರು. ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ಸೀಸರ್ ಚಾವೆಜ್ ಜೊತೆ ಹೊಲ-ತೋಟಗಳ ಕೂಲಿಕಾರರ ಸಂಘ ಕಟ್ಟುತ್ತ 16 ವರ್ಷ ಕಳೆದರು. ಬಿಟ್ಟ ಪದವಿಯನ್ನು ಮುಗಿಸಿದ್ದು 1992ರಲ್ಲಿ, ಐವತ್ತರ ಹೊಸ್ತಿಲಲ್ಲಿ!

ಅವರ ತರಗತಿಯಲ್ಲಿ ಮೂರು ಕಥೆ. ಮೊದಲು ‘ನನ್ನ ಕಥೆ’, ಸುಮಾರು ಎರಡು ನಿಮಿಷ. ಹುಟ್ಟಿದ ತಾರೀಕು, ತೆಗೆದ ಅಂಕ, ಸೇರಿದ ಕೆಲಸ ಹೇಳಿದರೆ ಅದು ಕಥೆಯಾಗುವುದಿಲ್ಲ. ಒಂದು ಇಕ್ಕಟ್ಟು ಬಂತು, ಆ ದಾರಿಯೋ ಈ ದಾರಿಯೋ ಅಂತ ನಿಂತೆ, ಇದನ್ನು ಹಿಡಿದೆ, ಹೀಗಾಯಿತು ಎಂದು ಹೇಳಬೇಕು. ಸಣ್ಣ ಗುಂಪಿನಲ್ಲಿ ಕೂತ ಗೆಳೆಯರು ಚಪ್ಪಾಳೆ ತಟ್ಟಿ ಸುಮ್ಮನಾಗುವ ಹಾಗಿಲ್ಲ. ಆ ಇಕ್ಕಟ್ಟು ನಮ್ಮ ಕಣ್ಣಿಗೆ ಕಟ್ಟಿತೇ, ಯಾಕೆ ಅದನ್ನೇ ಆರಿಸಿಕೊಂಡೆ ಎಂದು ವಿಚಾರಿಸಬೇಕು. ಹಾಗೆ ಎಲ್ಲರದ್ದೂ ಕೇಳುತ್ತ ಹೋದರೆ ‘ನಮ್ಮ ಕಥೆ’ಯ ಎಳೆ ಸಿಗುತ್ತದೆ. ನಾವೆಲ್ಲ ಸೇರಿ ಈಗ ಏನು ಮಾಡಬೇಕು ಎಂಬುದು ಕೊನೆಯ ‘ಈಗಿನ ಕಥೆ’.

ಇದೆಲ್ಲ ನಮಗೇಕೆ ಅಂತೀರಾ? ಈಗ ಕಂಪನಿಯಲ್ಲಿ ಸಂದರ್ಶನ ಮಾಡುವವರಲ್ಲಿ ನಾನೂ ಒಬ್ಬ. ಮೊದಲ ಪ್ರಶ್ನೆಯೇ ‘ನಿಮ್ಮ ಬಗ್ಗೆ ಹೇಳಿ’. ಹಳ್ಳಿಯ ಸರ್ಕಾರಿ ಶಾಲೆಗಳಿಂದ ಬಂದ ಹುಡುಗ ಹುಡುಗಿಯರು ಬಾಯಿಪಾಠ ಮಾಡಿದ ನಾಲ್ಕು ಇಂಗ್ಲಿಷ್ ವಾಕ್ಯ ಒಪ್ಪಿಸುತ್ತಾರೆ. ಊರು ಯಾವುದು ಅಂದರೆ ಜಿಲ್ಲೆಯ ಹೆಸರು ಹೇಳುತ್ತಾರೆ. ಡೈರಿಗೆ ಹಾಲು ಹಾಕಿ ಶಾಲೆಗೆ ಓಡಿದ್ದು, ತಂಗಿ ಓದಲಿ ಅಂತ ತಾನು ಒಂದು ವರ್ಷ ಕಾಲೇಜು ಬಿಟ್ಟಿದ್ದು, ಯಾವುದೂ ಬಾಯಿಗೆ ಬರುವುದಿಲ್ಲ. ತಾವಾಗಿ ಆರಿಸಿಕೊಂಡ ದಾರಿಯನ್ನು ಮುಚ್ಚಿಡಬೇಕಾದ ಕೊರತೆ ಅಂದುಕೊಂಡಿದ್ದಾರೆ. ಇಂಥ ನಾಲ್ವರು ಒಂದೇ ಬೆಂಚಿನಲ್ಲಿ ಕೂತು ಹೇಳಿಕೊಂಡಿದ್ದರೆ, ‘ನಿಮ್ಮ ಮನೇಲೂ ಹಿಂಗೇನಾ?’ ಅನ್ನುವುದರಲ್ಲೇ ಅರ್ಧ ಸಂಕೋಚ ಹೋಗುತ್ತಿತ್ತು.

ಒಂದು ಎಚ್ಚರ ಬೇಕು. ಬಡತನವನ್ನು ಮೈಕಿನಲ್ಲಿ ಹೇಳಿಸಿ ಕಣ್ಣೀರು ಹಾಕಿಸುವುದನ್ನು ಟಿ.ವಿ.ಯಲ್ಲಿ ಬೇಕಾದಷ್ಟು ನೋಡಿದ್ದೇವೆ. ಮಕ್ಕಳ ಕೈಲಿ ಅದನ್ನು ಮಾಡಿಸಬಾರದು. ಜಾತಿ, ಅಪ್ಪನ ಸಾಲ, ಮನೆಯ ಜಗಳ ಇವನ್ನು ಯಾರೂ ಕೆದಕುವುದು ಬೇಡ. ಏನು ಹೇಳಬೇಕು, ಏನು ಬಿಡಬೇಕು ಎಂಬುದು ಹೇಳುವ ಮಗುವಿಗೆ ಬಿಟ್ಟದ್ದು.

ಇನ್ನು ‘ನಮ್ಮ ಕಥೆ’. ಈ ಶಾಲೆಯ ಮೊದಲ ಬ್ಯಾಚಿನವರು ಇವತ್ತು ಮೊಮ್ಮಕ್ಕಳ ಕೈ ಹಿಡಿದು ಬಂದಿದ್ದಾರೆ. ಹೈಸ್ಕೂಲು ಬೇಕೆಂದು ಯಾರು ಯಾರು ಓಡಾಡಿದರು, ಹೆಣ್ಣುಮಕ್ಕಳನ್ನು ಎಂಟನೇ ತರಗತಿಗೆ ಕಳಿಸಲು ಯಾವ ಮನೆಯಲ್ಲಿ ಎಷ್ಟು ದಿನ ಮಾತುಕತೆ ನಡೆಯಿತು ಎಂಬುದು ದಾಖಲಾತಿ ಪುಸ್ತಕದಲ್ಲಿ ಸಿಗುವುದಿಲ್ಲ. ಅದು ಈ ಅಕ್ಕಂದಿರಿಗೆ, ಅಣ್ಣಂದಿರಿಗೆ ಗೊತ್ತು.

ಮುಖ್ಯೋಪಾಧ್ಯಾಯರನ್ನು ಕೇಳಿಕೊಂಡಿದ್ದೆ. ತಿಂಗಳಿಗೊಂದು ಶನಿವಾರ ಒಂಬತ್ತನೇ ತರಗತಿಯ ಕೊನೆಯ ಪೀರಿಯಡ್ ಬಿಟ್ಟುಕೊಡಲು ಒಪ್ಪಿದ್ದಾರೆ. ಹಳೆಯ ವಿದ್ಯಾರ್ಥಿಯೊಬ್ಬರು ಮೊದಲು ತಮ್ಮ ಎರಡು ನಿಮಿಷದ ಕಥೆ ಹೇಳುವುದು, ಆಮೇಲೆ ಮಕ್ಕಳದ್ದು ಕೇಳುವುದು. ಮನೆಮಾತಿನಲ್ಲೇ ಆಗಲಿ. ಮೊದಲ ತಿಂಗಳಿಗೆ ನನ್ನ ಹೆಸರು ಬರೆದಿದ್ದೇನೆ, ಉಳಿದ ತಿಂಗಳುಗಳು ಖಾಲಿ ಇವೆ. ಊಟದ ಪಂದಿಗೆ ಹೋಗುವ ಬಾಗಿಲ ಹತ್ತಿರ ಆ ಹಾಳೆ, ಪೆನ್ನು ಇಟ್ಟಿದೆ. ಮೊದಲ ಬ್ಯಾಚಿನ ಅಕ್ಕಂದಿರು ಮೊದಲು ಬರೆಯಲಿ.