ಮೋಡ ಓದೋಣ, ಪೇಪರೂ ಓದೋಣ



ಅಕ್ಷರ ಕಲಿಯುವ ಮೊದಲೂ ನಾವು ಓದುತ್ತಿದ್ದೆವು. ಏನನ್ನು? ಮಳೆಯನ್ನು!

ಡಬ್ಬಿಯ ಉಪ್ಪು ನೀರು ಬಿಟ್ಟರೆ ಗಾಳಿಯಲ್ಲಿ ತೇವ ಏರಿದೆ ಅಂತ ತಿಳಿಯುತ್ತಿತ್ತು. ಒಲೆಯ ಹೊಗೆ ಮೇಲೆ ಹೋಗದೆ ಸೂರಿನ ಕೆಳಗೇ ಸುತ್ತುತ್ತಿತ್ತು. ಇರುವೆಗಳು ಮೊಟ್ಟೆ ಕಚ್ಚಿಕೊಂಡು ಗೋಡೆ ಹತ್ತುತ್ತಿದ್ದವು. ಏರೋಪ್ಲೇನ್ ಚಿಟ್ಟೆಗಳು ತಲೆ ಮಟ್ಟಕ್ಕೆ ಹಾರಾಡುತ್ತಿದ್ದವು. "ಒಣಗಿದ ಬಟ್ಟೆ ಒಳಗೆ ತಕ್ಕೊಳ್ರವ್ವ" ಅಂತ ಅತ್ತೆ ಕೂಗುತ್ತಿದ್ದರು. ಸಂಜೆಗೆ ಗುಡುಗು ಶುರು.

ರಾತ್ರಿ ಚಂದ್ರನ ಸುತ್ತ ಬಳೆಯಂಥ ಉಂಗುರ ನೋಡಿದ್ದೀರಿ ಅಲ್ಲವೇ? ಬಹಳ ಎತ್ತರದಲ್ಲಿ ತೆಳುವಾದ ಮೋಡ ಇರುತ್ತದೆ. ಅದರೊಳಗೆ ಸಣ್ಣ ಸಣ್ಣ ಮಂಜಿನ ಹರಳುಗಳು. ಬೆಳಕು ಅವುಗಳೊಳಗೆ ಬಾಗಿ ಉಂಗುರವಾಗಿ ಕಾಣುತ್ತದೆ. ದೊಡ್ಡ ಮಳೆಗೆ ಮುಂಚೆ ಇಂಥ ಮೋಡ ಬರುವುದುಂಟು. ಪ್ರತಿ ಸಲವೂ ಮಳೆ ಬರುತ್ತೆ ಅಂತ ಅಲ್ಲ.

ಈ ಗುರುತುಗಳು ಸುಳ್ಳಲ್ಲ. ಆದರೆ ಅವು ಹೇಳುವುದು ಇವತ್ತಿನ ಮಾತು, ಬಹಳ ಅಂದರೆ ನಾಳೆಯ ಮಾತು. ರಾಗಿ ಕುಯ್ಲಿಗೆ ಅಷ್ಟು ಸಾಕೇ?

2024ರ ನವೆಂಬರ್ ಕೊನೆ ನೆನೆಸಿಕೊಳ್ಳಿ. ವಿಶಾಖ ಮಳೆ ಮುಗಿದಿತ್ತು. ಇನ್ನು ಮಳೆ ಇಲ್ಲ ಅಂತ ನಮ್ಮಲ್ಲಿ ಕೆಲವರು ರಾಗಿ ಕುಯ್ದು ಅರಿ ಹಾಕಿದೆವು. ಇರುವೆ ಏನೂ ಹೇಳಲಿಲ್ಲ. ಹೇಗೆ ಹೇಳೀತು? ಮಳೆ ಇನ್ನೂ ಸಮುದ್ರದಲ್ಲಿತ್ತು! ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡಕ್ಕೆ ಬಂತು. ಅದು ನಮ್ಮ ಬೂಕನಕೆರೆಯಿಂದ 300 ಕಿಲೋಮೀಟರಿಗೂ ಹೆಚ್ಚು ದೂರ. ಡಿಸೆಂಬರ್ ಮೊದಲ ದಿನಗಳಲ್ಲಿ ಮಂಡ್ಯ, ಮೈಸೂರು ಕಡೆಗೆಲ್ಲ ಮೋಡ, ಮಳೆ. ಅರಿ ನೆಲದಲ್ಲೇ ನೆನೆಯಿತು. ನೆನೆದ ತೆನೆ ಮೊಳಕೆ ಒಡೆಯುತ್ತದೆ, ಹುಲ್ಲು ಕಪ್ಪಾಗುತ್ತದೆ. ವರ್ಷದ ಮುದ್ದೆಯೂ ಹೋಯಿತು, ದನದ ಮೇವೂ ಹೋಯಿತು. (ಆ ಹೆಸರು ಕೊಟ್ಟದ್ದು ಸೌದಿ ಅರೇಬಿಯಾ ದೇಶವಂತೆ. ನೆನೆದದ್ದು ಮಾತ್ರ ನಮ್ಮ ರಾಗಿ.)

ಪೇಪರಿನಲ್ಲಿ ಆ ಸುದ್ದಿ ಮೊದಲೇ ಬಂದಿತ್ತು. "ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ" ಅಂತ ಬರೆಯುತ್ತಾರೆ. ದೊಡ್ಡ ಪದ ಅಂತ ದಾಟಿಬಿಡುತ್ತೇವೆ. ಬಿಡಿಸಿ ಓದೋಣ. ವಾಯು ಅಂದರೆ ಗಾಳಿ. ಭಾರ ಅಂದರೆ ತೂಕ. ಕುಸಿತ ಅಂದರೆ ಇಳಿಯುವುದು. ಬೆಚ್ಚಗಿನ ಸಮುದ್ರದ ಮೇಲೆ ಗಾಳಿ ಬಿಸಿಯಾಗಿ ಮೇಲಕ್ಕೆ ಏಳುತ್ತದೆ. ಅಲ್ಲಿ ಗಾಳಿಯ ಭಾರ ಕಡಿಮೆಯಾಗುತ್ತದೆ. ಸುತ್ತಲಿನ ಗಾಳಿ ನೀರಾವಿಯನ್ನೂ ಹೊತ್ತು ಅಲ್ಲಿಗೆ ನುಗ್ಗುತ್ತದೆ, ಸುತ್ತುತ್ತದೆ. ಸುತ್ತು ಬಲವಾದರೆ ಅದೇ ಚಂಡಮಾರುತ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಇದು ಹೆಚ್ಚು. ನಮ್ಮ ರಾಗಿ ಕುಯ್ಲೂ ಆಗಲೇ!

ಹವಾಮಾನ ಇಲಾಖೆ ಬಣ್ಣದಲ್ಲೂ ಹೇಳುತ್ತದೆ. ಹಳದಿ ಅಂದರೆ ಗಮನ ಇರಲಿ. ಕಿತ್ತಳೆ ಅಂದರೆ ಸಿದ್ಧರಾಗಿ. ಕೆಂಪು ಅಂದರೆ ಕೂಡಲೇ ಎಚ್ಚರ ವಹಿಸಿ. ಒಂದು ದಿನಕ್ಕೆ ಸುಮಾರು 65 ಮಿಲಿಮೀಟರ್ ದಾಟಿದರೆ ಭಾರಿ ಮಳೆ. ಅಂಗಳದಲ್ಲಿ ಹರಿಯದೆ ನಿಂತರೆ ಹೆಚ್ಚು ಕಡಿಮೆ ಒಂದು ಬೆರಳುದ್ದ ನೀರು.

ಹಾಗಾದರೆ ಏನು ಮಾಡಬೇಕು? ಪೇಪರಿನಲ್ಲಿ ಆ ಮೂರು ಪದ ಕಂಡರೆ ಎರಡು ದಿನ ಕುಯ್ಲು ನಿಲ್ಲಿಸಿ. ಕುಯ್ದಾಗಿದ್ದರೆ, ಒಣಗಿದ್ದನ್ನು ಹೊರೆ ಕಟ್ಟಿ ಎತ್ತರದ ಜಾಗಕ್ಕೆ ತಂದು ಮೆದೆ ಹಾಕಿ. ತೆನೆ ಒಳಗಡೆ ಇರಲಿ, ಮೇಲೆ ಟಾರ್ಪಾಲು ಹೊದಿಸಿ. ಆಮೇಲೆ ಆಕಾಶ ನೋಡಿ. ಮೂಡಲ ಗಾಳಿ ತಣ್ಣಗೆ ಬೀಸುತ್ತಿದೆಯೇ? ಬಿಸಿಲೇ ಕಾಣದಂತೆ ಮೋಡ ಮುಸುಕಿದೆಯೇ? ಆಗ ಹೊಲದಲ್ಲಿ ಉಳಿದದ್ದನ್ನೂ ಬೇಗ ತನ್ನಿ. ಗಂಡಸರು ಬರಲಿ ಅಂತ ಕಾಯಬೇಡಿ.

ಈಗ ಇವತ್ತಿನ ಪೇಪರು ಬಿಡಿಸಿ. ಹವಾಮಾನದ ಸುದ್ದಿ ಯಾವ ಮೂಲೆಯಲ್ಲಿದೆ, ಹುಡುಕೋಣ ಬನ್ನಿ.