ಪರಿವರ್ತನೆಯ ಕಾಲ, ಪಂದ್ಯದ ಕಾಲ



ಈ ಭಾಷಣ ಮಾಲಿಕೆಗೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತುತ್ತಿದೆ. ಮಗಳೆಂದು ಬೆಳೆಸಿದ ಮಗು, ಓಟದಲ್ಲಿಯೋ ಕಬಡ್ಡಿಯಲ್ಲಿಯೋ ಜಿಲ್ಲೆಗೆ ಹೆಸರು ತಂದ ಮಗು, ತಾನು ಹುಡುಗನೆಂದು ಮನೆಯವರ ಮುಂದೆ ಬಾಯಿಬಿಟ್ಟು ಹೇಳಿದೆ. ಇನ್ನೊಂದು ಮನೆಯಲ್ಲಿ ಮಗನೆಂದು ಬೆಳೆದವಳು ತಾನು ಹೆಣ್ಣೆಂದು ಹೇಳಿದ್ದಾಳೆ. ಮೊದಲನೆಯವನನ್ನು ಪರಿವರ್ತಿತ ಹುಡುಗನೆಂದೂ ಇವಳನ್ನು ಪರಿವರ್ತಿತ ಹುಡುಗಿಯೆಂದೂ ಕರೆಯುತ್ತೇನೆ. ಈಗ ಹಾರ್ಮೋನು ಚಿಕಿತ್ಸೆಗೆ ಕೈಹಾಕಿದರೆ ಆಟ ಅಲ್ಲಿಗೇ ಮುಗಿಯಿತೆ, ಇಲ್ಲವೆ ಆಟದ ವಯಸ್ಸು ಕಳೆಯುವ ತನಕ ಚಿಕಿತ್ಸೆಯನ್ನು ಮುಂದೂಡಬೇಕೆ? ಲಿಂಗತ್ವವೆಂದರೇನು, ಇದು ರೋಗವೋ ಚಾಳಿಯೋ ಎಂಬ ಚರ್ಚೆಯನ್ನು ನಾನು ಇಂದು ಎತ್ತಿಕೊಳ್ಳುವುದಿಲ್ಲ. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ಲಿಂಗಪರಿವರ್ತಿತರ ಘನತೆಯನ್ನು ಎತ್ತಿಹಿಡಿದು ತೀರ್ಪಿತ್ತ ಮೇಲೆ, ಅಷ್ಟು ಮಾತು ಕೇಳುಗರಿಗೆಲ್ಲ ತಿಳಿದೇ ಇದೆಯೆಂದು ಭಾವಿಸಿ ಮುಂದುವರಿಯುತ್ತೇನೆ.

ಆಟ ಮುಗಿಯಬೇಕಾಗಿಲ್ಲ. ಆದರೆ ಪಂದ್ಯಗಳ ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡು ದೇಹದ ವಿಷಯವನ್ನು ನಿರ್ಣಯಿಸುವುದು ತಲೆಕೆಳಗಾದ ಕ್ರಮ. ದೇಹದ ಮತ್ತು ಮನಸ್ಸಿನ ವಿಷಯವನ್ನು ಮೊದಲು ನಿಶ್ಚಯಿಸಿಕೊಂಡು ಅದಕ್ಕೆ ಪಂದ್ಯಗಳನ್ನು ಹೊಂದಿಸಿಕೊಳ್ಳುವುದೇ ಸರಿಯಾದ ಕ್ರಮ. ಆದರೂ ದೇಹವನ್ನೂ ಆಟವನ್ನೂ ಹೊಂದಿಸಿಕೊಂಡವರ ದಾರಿ ಒಂದೇ ಆಗಿರಲಿಲ್ಲ. ಅಮೆರಿಕದ ಹ್ಯಾಮರ್ ಎಸೆತಗಾರ ಕೀಲಿನ್ ಗಾಡ್ಸಿಯವರು ಹೆಸರನ್ನೂ ಸರ್ವನಾಮವನ್ನೂ ಬದಲಿಸಿಕೊಂಡು, ಹಾರ್ಮೋನನ್ನು ಮಾತ್ರ ಮುಂದೂಡಿ, 2012ರ ಒಲಿಂಪಿಕ್ ಆಯ್ಕೆಯಲ್ಲಿ ಮಹಿಳೆಯರ ವಿಭಾಗದಲ್ಲಿಯೇ ಎಸೆದು ಐದನೆಯವರಾದರು. ಹಾರ್ವರ್ಡ್ ವಿಶ್ವವಿದ್ಯಾಲಯದ ಮಹಿಳಾ ಈಜು ತಂಡಕ್ಕೆ ಆಯ್ಕೆಯಾಗಿದ್ದ ಸ್ಕೈಲರ್ ಬೇಲಾರ್ ಅವರು ಒಂದು ವರ್ಷ ಓದನ್ನೂ ಸ್ಪರ್ಧೆಯನ್ನೂ ಬದಿಗಿರಿಸಿ, ಗೆಲ್ಲುವ ಸ್ಥಾನವನ್ನು ತಾವಾಗಿಯೇ ಬಿಟ್ಟುಕೊಟ್ಟು, 2015ರಿಂದ ನಾಲ್ಕು ವರ್ಷ ಪುರುಷರ ತಂಡದಲ್ಲಿ ಈಜಿದರು. ಫಿಲಿಪೈನ್ಸಿನ ಬಾಕ್ಸರ್ ಹರ್ಜಿ ಬಕ್ಯಾದನ್ ಅವರು ಹಾರ್ಮೋನನ್ನು ಮುಟ್ಟದೆ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮಹಿಳೆಯರ ವಿಭಾಗದಲ್ಲಿ ಕಣಕ್ಕಿಳಿದರು. ಮೂವರೂ ತಮ್ಮನ್ನು ಪುರುಷರೆಂದೇ ಅರಿತವರು. ಮೂವರ ಯೋಜನೆ ಮೂರು ಬಗೆ. ಆದಕಾರಣ ಪಕ್ಕದ ಊರಿನ ಹುಡುಗ ಏನು ಮಾಡಿದನೆಂಬುದನ್ನು ನಿಮ್ಮ ಮಗುವಿಗೆ ಅಳತೆಗೋಲಾಗಿ ಹಿಡಿಯಬೇಡಿರಿ.

ಈ ಯೋಜನೆಗೆ ಬುಡವಾಗಿರತಕ್ಕ ಒಂದು ದೇಹಧರ್ಮವನ್ನು ಮಾತ್ರ ಎಲ್ಲರೂ ಅರಿತಿರಬೇಕು. ಹಾರ್ಮೋನು ಬದಲಾದಾಗ ಶರೀರವು ಒಟ್ಟಿಗೆ ಬದಲಾಗುವುದಿಲ್ಲ. ಅದರ ಒಂದೊಂದು ಧಾತುವಿಗೂ ತನ್ನದೇ ಆದ ವೇಗವುಂಟು. ಎಲ್ಲಕ್ಕಿಂತ ಮೊದಲು ಬದಲಾಗುವುದು ರಕ್ತ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಟೆಸ್ಟೋಸ್ಟಿರೋನ್ ಎಂಬ ಪುರುಷ ಹಾರ್ಮೋನು ಈ ಕಣಗಳ ಉತ್ಪತ್ತಿಯನ್ನು ಪ್ರಚೋದಿಸುವುದರಿಂದ, ಅದು ಹೆಚ್ಚಿದೊಡನೆ ಹೊಸ ಕಣಗಳು ಅಧಿಕವಾಗುತ್ತವೆ. ಕುಗ್ಗಿದೊಡನೆ ಹಳೆಯವು ಅಳಿದಷ್ಟು ಪ್ರಮಾಣದಲ್ಲಿ ಹೊಸವು ಹುಟ್ಟುವುದಿಲ್ಲ. ಹೀಗಾಗಿ ಮೂರು ನಾಲ್ಕು ತಿಂಗಳೊಳಗೆ ಹಿಮೋಗ್ಲೋಬಿನ್ ಹೊಸ ಮಟ್ಟಕ್ಕೆ ಬಂದು ನಿಲ್ಲುತ್ತದೆ. ರಕ್ತವೇ ಪ್ರಾಣವಾಯುವನ್ನು ಹೊರುವುದಾದ್ದರಿಂದ, ದೂರದ ಓಟಗಾರ್ತಿಯಾದ ಪರಿವರ್ತಿತ ಹುಡುಗಿಗೆ ಮೊದಲ ಋತುವಿನಲ್ಲಿಯೇ ಉಸಿರು ಸಾಲದಂತಾಗುವುದು ಸಹಜ. ಅದನ್ನು ಸೋಮಾರಿತನವೆಂದು ಗದರಿಸಿ ಇನ್ನೆರಡು ಸುತ್ತು ಓಡಿಸುವ ತರಬೇತುದಾರರನ್ನು ಕಂಡಾಗ ನನಗೆ ತಡೆಯಲಾರದ ಅಸಹನೆಯಾಗುತ್ತದೆ.

ಎರಡನೆಯದು ಸ್ನಾಯು. ಇದು ತಿಂಗಳುಗಳನ್ನಲ್ಲ, ವರ್ಷಗಳನ್ನೇ ಬೇಡುತ್ತದೆ. ಪುರುಷ ಹಾರ್ಮೋನನ್ನು ತಗ್ಗಿಸಿದ ಒಂದು ವರ್ಷದ ನಂತರವೂ ಸ್ನಾಯುವಿನ ರಾಶಿ ಕುಗ್ಗುವುದು ಶೇಕಡಾ 5ರ ಆಸುಪಾಸಿನಲ್ಲಿ ಮಾತ್ರ. ಅಮೆರಿಕದ ವಾಯುಪಡೆಯ ಸಿಬ್ಬಂದಿಯ ದಾಖಲೆಗಳನ್ನು ಪರಿಶೀಲಿಸಿದ ಒಂದು ಅಧ್ಯಯನದಲ್ಲಿ, ಪರಿವರ್ತಿತ ಸ್ತ್ರೀಯರು ಎರಡು ವರ್ಷದ ಚಿಕಿತ್ಸೆಯಾದ ಮೇಲೆ ದಂಡ ಹೊಡೆಯುವುದರಲ್ಲಿ ಉಳಿದ ಸ್ತ್ರೀಯರಿಗೆ ಸಮನಾಗಿದ್ದರೂ, ಒಂದೂವರೆ ಮೈಲಿಯ ಓಟದಲ್ಲಿ ಇನ್ನೂ ಶೇಕಡಾ 12ರಷ್ಟು ಮುಂದಿದ್ದರು. ಇದನ್ನು ಮುಚ್ಚಿಡುವುದರಿಂದ ಯಾರಿಗೂ ಉಪಕಾರವಿಲ್ಲ. ಹಾಗೆಯೇ, ಅದೊಂದೇ ಅಂಕಿಯನ್ನು ಹಿಡಿದು ಒಬ್ಬ ಹುಡುಗಿಯ ಜೀವನವನ್ನು ತೂಗುವುದರಿಂದಲೂ ಇಲ್ಲ.

ಪರಿವರ್ತಿತ ಹುಡುಗನಲ್ಲಿ ಸ್ನಾಯು ಬಲಿಯುತ್ತದೆ, ಆದರೆ ಅದನ್ನು ಮೂಳೆಗೆ ಬಿಗಿದಿರುವ ಸ್ನಾಯುರಜ್ಜು ಅದೇ ವೇಗದಲ್ಲಿ ಬಲಿಯುವುದಿಲ್ಲ. ಹೊಸ ಎತ್ತಿಗೆ ಹಳೆಯ ಮಿಣಿ ಕಟ್ಟಿದಂತೆ ಆಗುತ್ತದೆ. ಕೆಲವು ಕಾಲದ ಹಿಂದೆ ಕಬಡ್ಡಿಯ ತರುಣನೊಬ್ಬನು ಹಿಮ್ಮಡಿಯ ನೋವೆಂದು ನನ್ನಲ್ಲಿಗೆ ಬಂದಿದ್ದನು. ತೊಡೆ ತುಂಬಿಕೊಂಡು ಪ್ಯಾಂಟಿನ ಹೊಲಿಗೆ ಬಿಗಿದಿತ್ತು. ಹಿಮ್ಮಡಿಯ ಮೇಲಿನ ರಜ್ಜು ಬೆರಳಿಗೆ ಗಂಟಾಗಿ ಸಿಗುತ್ತಿತ್ತು. ಬೆಳಗ್ಗೆ ಹಾಸಿಗೆಯಿಂದಿಳಿದು ಮೊದಲ ಹೆಜ್ಜೆಯಿಡುವುದೇ ಕಷ್ಟವಾಗಿತ್ತು. ಕೇಳಲಾಗಿ, ಜೇಬಿನಿಂದ ವೃತ್ತಪತ್ರಿಕೆಯ ಚೂರಿನಲ್ಲಿ ಸುತ್ತಿದ ಚಿಕ್ಕ ಸೀಸೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟನು. ಅದರ ಚೀಟಿ ಅರ್ಧ ಹರಿದಿತ್ತು. ವ್ಯಾಯಾಮಶಾಲೆಯಲ್ಲಿ ಯಾರೋ ಕೊಟ್ಟದ್ದಂತೆ; ವೈದ್ಯರಿಲ್ಲ, ರಕ್ತಪರೀಕ್ಷೆಯಿಲ್ಲ. ಭಾರ ಸಲೀಸಾಗಿ ಎತ್ತುತ್ತಿದ್ದಾನೆಂದು ಅವನಿಗೆ ವಾರವಾರವೂ ಭಾರ ಹೆಚ್ಚಿಸಿದ್ದರು. ಮೊದಲ ವರ್ಷ ಭಾರವನ್ನು ಸ್ನಾಯುವಿನ ಉತ್ಸಾಹ ನೋಡಿ ಹೆಚ್ಚಿಸಬಾರದು, ರಜ್ಜುವಿನ ಸಹನೆ ನೋಡಿ ಹೆಚ್ಚಿಸಬೇಕು. ಆ ವರ್ಷ ಮೂರು ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆಯಾಗಬೇಕು. ರಕ್ತದಲ್ಲಿ ಕೆಂಪುಕಣಗಳ ಪಾಲನ್ನು ತಿಳಿಸುವ ಹೆಮಟೋಕ್ರಿಟ್ ಶೇಕಡಾ 54ನ್ನು ದಾಟಿದರೆ ರಕ್ತ ಗಟ್ಟಿಯಾಗುತ್ತಿದೆಯೆಂದು ತಿಳಿದು, ಮದ್ದಿನ ಪ್ರಮಾಣದ ವಿಚಾರವಾಗಿ ವೈದ್ಯರನ್ನು ಕೂಡಲೆ ಕಾಣತಕ್ಕದ್ದು.

ಮೂರನೆಯದು ಮೂಳೆ. ಬೆಳವಣಿಗೆ ಮುಗಿದ ಮೂಳೆಯ ಉದ್ದವನ್ನು, ಹೆಗಲಿನ ಅಗಲವನ್ನು, ಯಾವ ಹಾರ್ಮೋನೂ ಹಿಂದಿರುಗಿಸಲಾರದು. ಒಡೆದು ಇಳಿದ ಧ್ವನಿಯೂ ಹಾಗೆಯೇ. ಇನ್ನೊಮ್ಮೆ ಹೇಳುತ್ತೇನೆ: ರಕ್ತ ಬೇಗ ಬದಲಾಗುತ್ತದೆ, ಸ್ನಾಯು ನಿಧಾನವಾಗಿ ಬದಲಾಗುತ್ತದೆ, ಬೆಳೆದು ಮುಗಿದ ಮೂಳೆಯ ಅಳತೆ ಬದಲಾಗುವುದೇ ಇಲ್ಲ. "ಇನ್ನೆರಡು ವರ್ಷ ಕಾದು ನೋಡೋಣ, ಕಾಯುವುದರಿಂದ ನಷ್ಟವೇನು" ಎಂಬ ಮಾತು ಹರೆಯದ ಮಗುವಿನ ವಿಷಯದಲ್ಲಿ ನಿಜವಲ್ಲ. ಕಾಯುವ ಆ ಎರಡು ವರ್ಷ ಮೂಳೆ ತನ್ನ ಕೆಲಸವನ್ನು ನಿಲ್ಲಿಸಿರುವುದಿಲ್ಲ. ಹಾಗೆಂದು ಅವಸರವೂ ಸಲ್ಲದು. ಹರೆಯವನ್ನು ತಡೆಹಿಡಿಯುವ ಔಷಧಗಳ ವಿಚಾರದಲ್ಲಿ ದೇಶದೇಶಗಳ ವೈದ್ಯರಲ್ಲಿ ಭಿನ್ನಾಭಿಪ್ರಾಯವಿದೆ, ಆ ಔಷಧಗಳ ಕಾಲದಲ್ಲಿ ಮೂಳೆ ಗಟ್ಟಿಯಾಗುವುದು ಕುಂಠಿತವಾಗುವುದರಿಂದ ಜಿಗಿಯುವ, ಓಡುವ ಮಕ್ಕಳಲ್ಲಿ ಮೂಳೆಯ ಸಾಂದ್ರತೆಯನ್ನು ಅಳೆಯಿಸಬೇಕಾಗುತ್ತದೆ. ಮುಂದೆ ಸಂತಾನದ ಆಸೆಯುಂಟೆ ಎಂಬುದನ್ನು ಕೂಡ, ಸಂಕೋಚವನ್ನು ಬಿಟ್ಟು, ಚಿಕಿತ್ಸೆಗೆ ಮೊದಲೇ ಕೇಳಿಕೊಳ್ಳಬೇಕು. ಮನೋವೈದ್ಯರು, ಹಾರ್ಮೋನು ತಜ್ಞರು, ತಂದೆತಾಯಿ ಮತ್ತು ಮಗು ಒಂದೆಡೆ ಕುಳಿತು ತೆಗೆದುಕೊಳ್ಳತಕ್ಕ ನಿರ್ಧಾರವಿದು. ತರಬೇತುದಾರರ ಅಭಿಪ್ರಾಯಕ್ಕೆ ಅಲ್ಲಿ ಸ್ಥಾನವಿರಲಿ, ಮತಾಧಿಕಾರ ಬೇಡ.

ಕ್ರೀಡಾಸಂಸ್ಥೆಗಳ ನಿಯಮಗಳು ಹರೆಯವೆಂಬ ಒಂದು ಗೆರೆಯ ಸುತ್ತ ಏಕೆ ನಿಂತಿವೆಯೆಂಬುದು ಈಗ ಸ್ಪಷ್ಟವಾಗಿರಬೇಕು. 2022ರಲ್ಲಿ ಈಜಿನ ಅಂತರರಾಷ್ಟ್ರೀಯ ಸಂಸ್ಥೆಯೂ, 2023ರ ಮಾರ್ಚ್ 31ರಿಂದ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯೂ, ಪುರುಷ ಹರೆಯವನ್ನು ದಾಟಿದ ಪರಿವರ್ತಿತ ಸ್ತ್ರೀಯರಿಗೆ ವಿಶ್ವಮಟ್ಟದ ಮಹಿಳಾ ವಿಭಾಗವನ್ನು ಮುಚ್ಚಿದುವು. 2025ರ ಸೆಪ್ಟೆಂಬರಿನಿಂದ ಅಥ್ಲೆಟಿಕ್ಸಿನಲ್ಲಿ ವಂಶವಾಹಿ ಪರೀಕ್ಷೆಯೂ ಬಂದಿದೆ. ಹದಿನೆಂಟು ದಾಟಿದ ಪರಿವರ್ತಿತ ಓಟಗಾರ್ತಿಯೊಬ್ಬಳಿಗೆ ಇದನ್ನು ಮೊದಲ ದಿನವೇ ಹೇಳಬೇಕು. ಹುಸಿ ಆಸೆಯನ್ನು ಬೆಳೆಸುವುದು ಕ್ರೌರ್ಯ. ಅದೇ ಉಸಿರಿನಲ್ಲಿ, ನಿಯಮಗಳೂ ಸ್ಥಿರವಲ್ಲವೆಂಬುದನ್ನು ಹೇಳಬೇಕು: ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2003ರಲ್ಲಿ ಶಸ್ತ್ರಚಿಕಿತ್ಸೆಯನ್ನು ಕೇಳಿತು, 2015ರಲ್ಲಿ ಅದನ್ನು ಬಿಟ್ಟು ಹಾರ್ಮೋನಿನ ಮಟ್ಟವನ್ನು ಕೇಳಿತು, 2021ರಲ್ಲಿ ಆಯಾ ಕ್ರೀಡೆಯೇ ನಿರ್ಧರಿಸಲೆಂದಿತು. ಇಂತಹ ನಿಯಮವೊಂದನ್ನು ನಂಬಿ ಚಿಕಿತ್ಸೆಯ ತಾರೀಖನ್ನು ಗೊತ್ತುಮಾಡಿದವರು ನಡುದಾರಿಯಲ್ಲಿ ನಿಲ್ಲುತ್ತಾರೆ. ತಾಲ್ಲೂಕು, ವಿಶ್ವವಿದ್ಯಾಲಯ, ರಾಜ್ಯ ಎಂದು ಒಂದೊಂದು ಮಟ್ಟದ ನಿಯಮವನ್ನೂ ಆಯಾ ಸಂಸ್ಥೆಯಿಂದ ಬರವಣಿಗೆಯಲ್ಲಿ ಪಡೆಯಿರಿ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಖಂಡಿಸದೆ ಮುಂದೆ ಹೋಗಲಾರೆ. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಗೆದ್ದ ಬೆಳ್ಳಿಯನ್ನು ಕಳೆದುಕೊಂಡ ಓಟಗಾರ್ತಿ ಶಾಂತಿ ಸೌಂದರರಾಜನ್ ಅವರನ್ನೂ, 2014ರಲ್ಲಿ ತಡೆಯಲ್ಪಟ್ಟು ಮರುವರ್ಷ ಕ್ರೀಡಾ ನ್ಯಾಯಮಂಡಳಿಯಲ್ಲಿ ಹೋರಾಡಿ ಟ್ರ್ಯಾಕಿಗೆ ಮರಳಿದ ದ್ಯುತಿ ಚಂದ್ ಅವರನ್ನೂ "ಗಂಡಾಗಿದ್ದು ಹೆಣ್ಣಾದವರು" ಎಂದು ಪತ್ರಗಳಲ್ಲಿ ಬರೆಯುತ್ತಾರೆ. ಅವರು ಏನನ್ನೂ ಬದಲಿಸಿಕೊಂಡವರಲ್ಲ. ಹುಟ್ಟಿನಿಂದ ಹೆಣ್ಣುಮಕ್ಕಳಾಗಿಯೇ ಬೆಳೆದವರು. ಹಾಗೆಯೇ, ಪದಕದ ಆಸೆಗಾಗಿ ಲಿಂಗವನ್ನು ಬದಲಿಸಿಕೊಳ್ಳುತ್ತಾರೆಂಬ ಮಾತನ್ನು, ಮನೆ, ಬಂಧುಬಳಗ, ಊರು ಎಲ್ಲವನ್ನೂ ಪಣಕ್ಕಿಟ್ಟು ನನ್ನೆದುರು ಕುಳಿತ ಮಕ್ಕಳ ಮುಖ ನೋಡಿದ ಮೇಲೆ ನಾನು ಸಹಿಸಲಾರೆ.

ಸಮಯ ಮೀರುತ್ತಿರುವುದರಿಂದ ಉಳಿದ ಸಲಹೆಗಳನ್ನು ಸಂಕ್ಷೇಪಿಸುತ್ತೇನೆ. ಟೆಸ್ಟೋಸ್ಟಿರೋನ್ ಉದ್ದೀಪನ ಮದ್ದುಗಳ ಪಟ್ಟಿಯಲ್ಲಿದೆ. ಅನುಮತಿಯಿಲ್ಲದೆ ಸಿಕ್ಕಿಬಿದ್ದರೆ ನಾಲ್ಕು ವರ್ಷಗಳ ನಿಷೇಧವಾಗಬಹುದು. ಪರಿವರ್ತಿತ ಹುಡುಗಿಯರಿಗೆ ವೈದ್ಯರು ಬರೆಯುವ ಸ್ಪೈರೊನೊಲ್ಯಾಕ್ಟೋನ್ ಕೂಡ ಮೂತ್ರವರ್ಧಕವಾದ್ದರಿಂದ ನಿಷಿದ್ಧ, ಈಸ್ಟ್ರೋಜೆನ್ ನಿಷಿದ್ಧವಲ್ಲ. ಚಿಕಿತ್ಸೆಗಾಗಿ ವಿನಾಯಿತಿ ಪಡೆಯುವ ಮಾರ್ಗವಿದೆ. ರಾಷ್ಟ್ರಮಟ್ಟದವರು ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ನಾಡಾಕ್ಕೆ, ಅಂತರರಾಷ್ಟ್ರೀಯ ಮಟ್ಟದವರು ತಮ್ಮ ಕ್ರೀಡೆಯ ವಿಶ್ವಸಂಸ್ಥೆಗೆ, ತಜ್ಞರ ಪತ್ರ ಮತ್ತು ಪರೀಕ್ಷಾ ವರದಿಗಳೊಡನೆ ಅರ್ಜಿ ಸಲ್ಲಿಸಬೇಕು, ಅದೂ ಪಂದ್ಯಕ್ಕೆ ಕನಿಷ್ಠ 30 ದಿನ ಮೊದಲು. ಮೊದಲು ಅನುಮತಿ, ಆಮೇಲೆ ಸೂಜಿ. ಸೂಜಿ ಚುಚ್ಚಿಸಿಕೊಂಡು ಅನುಮತಿ ಕೇಳಿದರೆ ಅದು ಅಪರೂಪಕ್ಕೆ ಮಾತ್ರ ಸಿಗುತ್ತದೆ.

ಎದೆಯನ್ನು ಕ್ರೇಪ್ ಬ್ಯಾಂಡೇಜಿನಿಂದ ಬಿಗಿದುಕೊಂಡು ಅಭ್ಯಾಸ ಮಾಡುವ ಹುಡುಗರಿದ್ದಾರೆ. ಸಂಜೆ ಅಂಗಿ ತೆಗೆದರೆ ಪಕ್ಕೆಲುಬಿನ ಮೇಲೆ ಕೆಂಪಗೆ ಬರೆಯೆದ್ದಿರುತ್ತದೆ. ಆ ಪಟ್ಟಿ ಉಸಿರಾಡಲು ಬಿಡುವುದಿಲ್ಲ. ಮೈದಾನದಲ್ಲಿ ಬಿಗಿಯಾದ ಕ್ರೀಡಾ ಒಳಉಡುಪು ಸಾಕು. ಗುರುತಿನ ಪತ್ರ, ಅಂಕಪಟ್ಟಿ, ಕ್ರೀಡಾ ನೋಂದಣಿ ಮೂರರಲ್ಲಿಯೂ ಹೆಸರು ಒಂದೇ ಆಗಿರುವಂತೆ ಪಂದ್ಯದ ಋತುವಿಗೆ ಮೊದಲೇ ಮಾಡಿಸಿಕೊಳ್ಳಿರಿ. 2021ರಲ್ಲಿ ಕರ್ನಾಟಕ ಸರಕಾರವು ತನ್ನ ನೌಕರಿಗಳಲ್ಲಿ ಈ ಸಮುದಾಯಕ್ಕೆ ಶೇಕಡಾ 1ರ ಮೀಸಲಾತಿಯನ್ನು ಕೊಟ್ಟ ಮೇಲೆ, ಆಟದ ಜೊತೆಗೆ ಹೊಟ್ಟೆಪಾಡನ್ನೂ ನೋಡಬೇಕಾದ ಮಕ್ಕಳಿಗೆ ಆ ಕಾಗದಗಳ ಬೆಲೆ ಇಮ್ಮಡಿಯಾಗಿದೆ.

ಕೊನೆಯದಾಗಿ, ಮದ್ದಿನ ಪರೀಕ್ಷೆಗೆ ಮೂತ್ರ ಕೊಡುವಾಗ ಅಧಿಕಾರಿಯೊಬ್ಬರು ಎದುರಿಗೆ ನಿಂತು ನೋಡುತ್ತಾರೆ. ಈ ಭಯಕ್ಕೇ ಆಟ ಬಿಟ್ಟ ಮಕ್ಕಳನ್ನು ನಾನು ಬಲ್ಲೆ. ತಮ್ಮ ಸ್ಥಿತಿಯನ್ನು ಆ ಅಧಿಕಾರಿಗೆ ಮೊದಲೇ ತಿಳಿಸಿ, ಸಾಕ್ಷಿಯಾಗಿ ಯಾರು ನಿಲ್ಲಬೇಕೆಂಬುದನ್ನು ಮಾತಾಡಿಕೊಳ್ಳಬಹುದು. ಜೊತೆಗೆ ತಮ್ಮವರೊಬ್ಬರನ್ನು ಪರೀಕ್ಷಾ ಕೊಠಡಿಗೆ ಕರೆದೊಯ್ಯುವ ಹಕ್ಕು ಪ್ರತಿಯೊಬ್ಬ ಆಟಗಾರನಿಗೂ ಉಂಟು. ತಾಯಿಯೋ ಅಕ್ಕನೋ ನಂಬಿಕೆಯ ಗೆಳೆಯನೋ, ಯಾರು ಬರುವರೆಂಬುದನ್ನು ಪಂದ್ಯಕ್ಕೆ ಹೊರಡುವ ಮೊದಲೇ ಮನೆಯಲ್ಲಿ ಗೊತ್ತುಮಾಡಿಕೊಳ್ಳಿರಿ.